ವೀರನ ಪಾಲು

ಸಮರ್‌ಸೆಟ್‌ನ ಪ್ರಭಾಕರ ಲೋಹದ ತುಕ್ಕನ್ನು ಪರೀಕ್ಷಿಸುವ ಎಂಜಿನಿಯರ್. ಐವತ್ತು ದಾಟಿದ ಮೇಲೆ ಅವನಿಗೆ ಪ್ರಾಚೀನ ಕೆಲ್ಟ್ ಯೋಧರ ಹುಚ್ಚು ಹಿಡಿಯಿತು. ರೋಮನರೊಡನೆ ಕಾದಾಡಿದ ಆ ಜನರ ಯುದ್ಧವನ್ನು ಮೊಂಡು ಕತ್ತಿಗಳಿಂದ ಆಡಿ ತೋರಿಸುವ ತಂಡವೊಂದು ಹತ್ತಿರದ ಮನ್ರೋ ಊರಿನಲ್ಲಿತ್ತು. ಅದನ್ನು ಸೇರಿದ. ಕಬ್ಬಿಣದ ಬಳೆಗಳನ್ನು ಒಂದರೊಳಗೊಂದು ಕೋದು, ರಿವೆಟ್ ಹೊಡೆದು, ಗ್ಯಾರೇಜಿನಲ್ಲಿ ಕೂತು ಸರಪಳಿ ಅಂಗಿ ಮಾಡಿಕೊಂಡ.

"ಕಾರು ಸ್ನೋನಲ್ಲಿ ನಡುಗ್ತಿದೆ, ಇವರ ಅಂಗಿ ಗ್ಯಾರೇಜಲ್ಲಿ ಬೆಚ್ಚಗಿದೆ" ಎಂದು ಹೆಂಡತಿ ಶೈಲಜಾ ಆಡಿಕೊಂಡಳು.

ಈಸ್ಟ್ ಬ್ರನ್ಸ್‌ವಿಕ್‌ನ ಗೆಳೆಯರ ಮಗ ಅತುಲ್‌ನನ್ನು ತಂಡಕ್ಕೆ ಕರೆತಂದವನೂ ಪ್ರಭಾಕರನೇ. ಕೆಲವು ಕೆಲ್ಟರು ಬರಿಮೈಯಲ್ಲೇ ಹೋರಾಡುತ್ತಿದ್ದರೆಂದು ಓದಿದ ಹುಡುಗ, ಕೊರಳಲ್ಲಿ ಕಂಚಿನ ಕಂಠಿ, ಕೈಯಲ್ಲಿ ಉದ್ದ ಗುರಾಣಿ ಹಿಡಿದು ಅಂಗಿಯಿಲ್ಲದೆ ನಿಂತ. ನೋಡಲು ಬಂದವರ ಫೋನುಗಳೆಲ್ಲ ಅವನತ್ತ ತಿರುಗಿದವು. ಪ್ರಭಾಕರನ ಸರಪಳಿ ಅಂಗಿಯನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ.

ಆ ಯೋಧರಲ್ಲೊಂದು ಪದ್ಧತಿಯಿತ್ತು. ಔತಣದಲ್ಲಿ ಹಂದಿಯ ತೊಡೆ ಎಲ್ಲರಿಗಿಂತ ದೊಡ್ಡ ವೀರನಿಗೆ. ಒಪ್ಪದವನು ಎದ್ದು ನಿಂತು ಅವನೊಡನೆ ಕಾದಬೇಕು. ವರ್ಷಕ್ಕೊಮ್ಮೆ ತಂಡವೂ ಅದನ್ನು ನಡೆಸುತ್ತಿತ್ತು. ಆ ತೊಡೆ ಪ್ರಭಾಕರನಿಗೆ ಒಮ್ಮೆಯೂ ಬಂದಿರಲಿಲ್ಲ. ಈ ಸಲ ನಾಯಕ ಬ್ರೆಂಡನ್ ಅತುಲ್‌ನ ಹೆಸರು ಕೂಗಿದ.

ಪ್ರಭಾಕರ ಎದ್ದ. "ನಾನು ಒಪ್ಪೋಲ್ಲ."

"ಅಂಕಲ್, ಆರ್ ಯೂ ಸೀರಿಯಸ್?" ಎಂದ ಅತುಲ್.

"ಗುರಾಣಿ ಎತ್ತಯ್ಯ, ಮಾತು ಆಮೇಲೆ."

ಹುಡುಗ ಕತ್ತಿ ಬೀಸುತ್ತ ನುಗ್ಗಿದ. ಪ್ರಭಾಕರ ತನ್ನ ಗುರಾಣಿಯ ನಡುವಿನ ಲೋಹದ ಉಬ್ಬಿನಿಂದ ಅವನ ಗುರಾಣಿಯ ಅಂಚನ್ನು ತಳ್ಳಿ, ಅವನು ಪಕ್ಕಕ್ಕೆ ತಿರುಗಿದೊಡನೆ ಹೆಗಲಿಗೆ ಕತ್ತಿ ಮುಟ್ಟಿಸಿದ. ನ್ಯಾಯವಾಗಿಯೇ ಗೆದ್ದ.

ಬ್ರೆಂಡನ್ ಪೆಚ್ಚಾದ. "ಪ್ರಭಾ, ನೀನು ಮಾಂಸ ತಿನ್ನೋಲ್ಲ ಅಂತ ನಿನ್ನ ಹೆಸರು ಬಿಡ್ತಾ ಬಂದೆ. ಅವಮಾನ ಆಗಬಾರದು ಅಂತ" ಎಂದು ಇಂಗ್ಲಿಷಿನಲ್ಲಿ ತಡವರಿಸಿದ.

"ತಿನ್ನೋದು ಬೇರೆ, ಸಿಗೋದು ಬೇರೆ. ಕೊಡು ಇಲ್ಲಿ."

"ಏನ್ರೀ, ಅದನ್ನ ನನ್ನ ಅಡುಗೆಮನೆಗೆ ತರ್ತೀರಾ?" ಎಂದು ಔತಣಕ್ಕೆ ಬಂದಿದ್ದ ಶೈಲಜಾ ಕೂತಲ್ಲಿಂದಲೇ ಕೂಗಿದಳು.

"ಅಂಕಲ್, ಹೇಗೂ ನೀವು ತಿನ್ನಲ್ಲ, ಕ್ಯಾನ್ ಐ ಹ್ಯಾವ್ ಇಟ್?" ಅತುಲ್ ತಟ್ಟೆ ಚಾಚಿದ.

ಪ್ರಭಾಕರ ಕೇಳಿಸದವನಂತೆ ಚಾಕು ಕೈಗೆತ್ತಿಕೊಂಡ. ಮದುವೆಮನೆಯ ಪಂಕ್ತಿಯಲ್ಲಿ ಬಡಿಸುವವನ ಹಾಗೆ ಮೇಜಿನ ಸುತ್ತ ನಡೆದು, ಬೇಡವೆಂದವರಿಗೂ ಒತ್ತಾಯ ಮಾಡಿ ತುಂಡು ಹಾಕುತ್ತ ಹೋದ. ಉಸಿರು ಬಿಗಿಹಿಡಿದೇ ಕೊಯ್ದ. ಅತುಲ್‌ನ ಬಳಿ ಬರುವಷ್ಟರಲ್ಲಿ ಉಳಿದದ್ದು ಮೂಳೆ.

"ಮುಗೀತು ಕಣಯ್ಯ" ಎಂದು ಅದನ್ನೇ ತಟ್ಟೆಗೆ ಹಾಕಿದ.

ಹುಡುಗನಿಗೆ ಒಂದಿಷ್ಟೂ ಬೇಸರವಾಗಲಿಲ್ಲ. ಗಹಗಹಿಸಿ ನಕ್ಕು ಬೆಂಚಿನ ಮೇಲೆ ಹತ್ತಿದ. ಬರಿಮೈಯಲ್ಲಿ ನಿಂತು, ಮೂಳೆಯನ್ನು ಎತ್ತಿ ಹಿಡಿದು ರಣಕೇಕೆ ಹಾಕಿದ. ಬಾಯಲ್ಲಿ ತುತ್ತಿದ್ದವರೂ ಚಪ್ಪಾಳೆ ಹೊಡೆದು ಫೋನು ಎತ್ತಿದರು.

"ಅಂಕಲ್, ಸ್ವಲ್ಪ ಆ ಕಡೆ ಸರೀತೀರಾ? ಫ್ರೇಮ್‌ನಲ್ಲಿ ಬರ್ತಿದೀರ" ಎಂದಳು ಯಾರೋ ಹುಡುಗಿ.

ಜಿಡ್ಡು ಮೆತ್ತಿದ ಕೈಗಳನ್ನು ಎಲ್ಲಿ ಒರೆಸುವುದೆಂದು ತಿಳಿಯದೆ ಪ್ರಭಾಕರ ಸರಿದು ನಿಂತ.