ಮನೆಯವರಿಗೆ ಹಿಡಿಯದ ಸೊಪ್ಪು

ನನಗೆ ಕ್ಷಮಿಸುವ ಗುಣ ಇಲ್ಲ. ನರ್ಸ್ ಅಂದ ಕೂಡಲೇ ಜನ ಕರುಣೆ, ತಾಳ್ಮೆ, ತಾಯಿಯ ಮನಸ್ಸು ಅಂತ ಶುರುಮಾಡುತ್ತಾರೆ. ಅದೆಲ್ಲ ಕೆಲಸಕ್ಕೆ ಬೇಕಾದಷ್ಟು ನನ್ನ ಹತ್ತಿರವೂ ಇದೆ. ಆದರೆ ನಾನು ನರ್ಸ್ ಆದದ್ದು ಕರುಣೆಯಿಂದಲ್ಲ, ಸಿಟ್ಟಿನಿಂದ.

ನನ್ನ ಅಕ್ಕನನ್ನು ಜಂಗಮಕೋಟೆ ಕಡೆಯ ಹಳ್ಳಿಗೆ ಕೊಟ್ಟಿದ್ದೆವು, ರೇಷ್ಮೆ ಹುಳು ಸಾಕುವ ಮನೆ. ತುಂಬಿದ ಬಸುರಿ ಇದ್ದಾಗ ಅವಳ ಕಣ್ಣು ಹಳದಿಯಾಯಿತು. ಗಂಡನ ಮನೆಯವರು ಪಕ್ಕದ ಊರಲ್ಲಿ ಕಾಮಾಲೆಗೆ ಸೊಪ್ಪು ಕೊಡುವವನ ಹತ್ತಿರ ಕರೆದುಕೊಂಡು ಹೋದರು. ಊರೆಲ್ಲ ಅವನನ್ನು ಔಷಧಿ ತಾತ ಅನ್ನುತ್ತಿತ್ತು. ಸೂರ್ಯ ಹುಟ್ಟುವ ಮೊದಲು, ಖಾಲಿ ಹೊಟ್ಟೆಗೆ, ಹಾಲಿನಲ್ಲಿ ಅರೆದ ಸೊಪ್ಪು. ಆಮೇಲೆ ಕಾಯಿಸಿದ ತಂತಿಯಿಂದ ಮುಂಗೈಗೆ ಬರೆ. ಕಾಸು ಮುಟ್ಟುತ್ತಿರಲಿಲ್ಲ, ಅದಕ್ಕೇ ಸುತ್ತಲ ಹಳ್ಳಿಗೆ ಅವನು ದೇವರು. ಅವನು ಬರೆ ಹಾಕುವಾಗ ಅಕ್ಕನ ಇನ್ನೊಂದು ಕೈ ಹಿಡಿದುಕೊಂಡಿದ್ದವಳು ನಾನು. ಪಿಯುಸಿ ಓದುತ್ತಿದ್ದೆ.

"ಇಂಗ್ಲಿಷ್ ಔಷಧಿ ಬಿದ್ರೆ ನನ್ನ ಸೊಪ್ಪು ಕೆಲಸ ಮಾಡಲ್ಲ. ಆಸ್ಪತ್ರೆ ಮೆಟ್ಟಿಲು ಹತ್ತಿಸಬೇಡಿ" ಅಂತ ಹೇಳಿ ಕಳಿಸಿದ. ಅಕ್ಕ ಹಗಲೆಲ್ಲ ಮಲಗತೊಡಗಿದಳು. ಸೊಪ್ಪು ಹಿಡೀತಿದೆ, ಅದಕ್ಕೇ ಮಂಪರು ಅಂದರು. ಒಂದು ಮಧ್ಯಾಹ್ನ ಅಮ್ಮನನ್ನೇ "ಯಾರು ನೀನು?" ಅಂದಳು. ಮಗುವೂ ಉಳಿಯಲಿಲ್ಲ, ಅವಳೂ ಉಳಿಯಲಿಲ್ಲ.

ಇದಾಗಿ ವರ್ಷಗಳೇ ಕಳೆದ ಮೇಲೆ, ಗೌರಿಬಿದನೂರಿನಲ್ಲಿ ನಾನು ಕೆಲಸ ಮಾಡುವ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಅದೇ ಔಷಧಿ ತಾತ ಮಲಗಿದ್ದ. ಹಿಂದಿನ ದಿನ ದಾಖಲಾಗಿದ್ದನಂತೆ. ಬೆಳಿಗ್ಗೆ ಡ್ಯೂಟಿಗೆ ಹೋದವಳು ಕಿವಿಯಲ್ಲಿ ಅವತ್ತಿದ್ದ ಅದೇ ಕೆಂಪು ಕಲ್ಲಿನ ಓಲೆ ನೋಡಿ ಗುರುತು ಹಿಡಿದೆ. ಕಣ್ಣು, ಮೈ, ಉಗುರಿನ ಬುಡ ಎಲ್ಲ ಅರಿಶಿನ. ನೀರಿನಿಂದ ಹರಡುವ ಹೆಪಟೈಟಿಸ್ ಇ ಅಂತ ರಕ್ತದ ವರದಿ ಬಂದಿತ್ತು. ಅವನ ಊರಿಗೆ ಶಿಡ್ಲಘಟ್ಟ ಹತ್ತಿರ, ಚಿಂತಾಮಣಿ ಹತ್ತಿರ. ಅದೆಲ್ಲ ಬಿಟ್ಟು ಇಷ್ಟು ದೂರ ಯಾಕೆ ಬಂದ ಅಂತ ಯಾರೂ ಹೇಳಬೇಕಾಗಿರಲಿಲ್ಲ. ಇಲ್ಲಿ ಅವನನ್ನು ಬಲ್ಲವರಿಲ್ಲ. ಸಿಕ್ಕಿಬಿದ್ದೆಯಲ್ಲ ಮಗನೇ ಅಂದುಕೊಂಡೆ. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಹಬ್ಬದೂಟ ಉಂಡಷ್ಟು ಸಂತೋಷವಾಯಿತು.

ಕೆಲಸದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಲಿಲ್ಲ. ಬಲಗಡೆ ಪಕ್ಕೆಲುಬಿನ ಕೆಳಗೆ ಒತ್ತಿ ನೋವಿದೆಯಾ ನೋಡಿದೆ. ಮೂತ್ರದ ಬಣ್ಣ ಕೇಳಿದೆ, ಡಿಕಾಕ್ಷನ್ ಥರ ಇದೆ ಅಂದ. ಇವತ್ತು ಯಾವ ವಾರ, ಇದು ಯಾವ ಊರು ಅಂತ ಕೇಳಿದೆ. ಈ ಕಾಯಿಲೆ ತಲೆಗೆ ಏರಿದರೆ ಅದೆಲ್ಲ ಮರೆಯುತ್ತದೆ. ಸರಿಯಾಗೇ ಹೇಳಿದ. ಎರಡೂ ಕೈ ಮುಂದೆ ಚಾಚಿ ಅಂದೆ. ಕೈ ನಡುಗುತ್ತಿರಲಿಲ್ಲ. ಮುಂಗೈ ತಿರುಗಿಸಿ ನೋಡಿದೆ. ಬರೆಯ ಗುರುತೇ ಇರಲಿಲ್ಲ.

"ನಾಟಿ ಔಷಧಿ ಏನಾದ್ರೂ ತಗೊಂಡ್ರಾ ತಾತ?" ಅಂದೆ. ಕಾಮಾಲೆ ಬಂದ ಎಲ್ಲರಿಗೂ ನಾವು ಕೇಳುವ ಪ್ರಶ್ನೆ ಅದು.

"ಇಲ್ಲಮ್ಮ."

"ಕಾಮಾಲೆಗೆ ನಿಮ್ಮ ಕಡೆ ಒಳ್ಳೇ ಸೊಪ್ಪು ಕೊಡ್ತಾರಂತಲ್ಲ?"

ಪಕ್ಕದಲ್ಲಿ ನಿಂತಿದ್ದ ಅವನ ಮಗ, ಪಾಪ, ಒಳ್ಳೆಯವನು, ಬಾಯಿಬಿಟ್ಟ. "ಕೊಡೋರು ಇವರೇ ಸಿಸ್ಟರ್. ಕೊಡೋ ಕೈಗೆ ಹಿಡಿಯಲ್ಲಂತೆ, ಅವರ ರಕ್ತದವರಿಗೂ ಹಿಡಿಯಲ್ಲಂತೆ. ನಮ್ಮ ತಾತನ ಕಾಲದಿಂದ ಹಾಗೇ."

ಎಂಥ ಅನುಕೂಲದ ಸೊಪ್ಪಪ್ಪಾ ಇದು! ಊರವರ ಮಕ್ಕಳಿಗೆ ಹಿಡಿಯುತ್ತದೆ, ಇವನ ಮಕ್ಕಳಿಗೆ ಮಾತ್ರ ಆಸ್ಪತ್ರೆ. ಮುಖಕ್ಕೆ ಉಗಿಯಬೇಕು ಅನ್ನಿಸಿತು. ಉಗುರು ಕತ್ತರಿಸುವ ಕಟ್ಟರ್ ಕೈಗೆತ್ತಿಕೊಂಡೆ. ಕಾಮಾಲೆಯಲ್ಲಿ ಮೈ ಕಡಿಯುತ್ತದೆ, ಕೆರೆದು ಗಾಯ ಮಾಡಿಕೊಳ್ಳಬಾರದು ಅಂತ ಉಗುರು ಗಿಡ್ಡ ಮಾಡುತ್ತೇವೆ. ಅಕ್ಕನಿಗೆ ಬರೆ ಹಾಕಿದ ಕೈಯನ್ನು ನನ್ನ ಕೈಯಲ್ಲಿಟ್ಟುಕೊಂಡು ಒಂದೊಂದೇ ಬೆರಳು ಕತ್ತರಿಸುತ್ತಾ, ಅಂದರೆ ಉಗುರು, ಮುಂದಿನ ಪ್ರಶ್ನೆ ಕೇಳಿದೆ. ಮನೆಯಲ್ಲಿ ಬೇರೆ ಯಾರಿಗಾದರೂ ಕಣ್ಣು ಹಳದಿ ಆಗಿದೆಯಾ?

"ಇಲ್ಲ" ಅಂದ ಅವನು. ಮಗ ನೆಲ ನೋಡಿದ.

"ನಿಮ್ಮನ್ನ ಕೇಳ್ತಿರೋದು ಕಣಪ್ಪಾ."

"ನನ್ನ ಹೆಂಡ್ತಿಗೆ ಸಿಸ್ಟರ್. ತುಂಬು ಬಸುರಿ. ಮನೇಲೇ ಇದಾಳೆ, ಅಮ್ಮ ಸೊಪ್ಪು ಕೊಡ್ತಿದಾರೆ. ಸೊಸೆ ಬೇರೆ ಮನೆ ರಕ್ತ ಅಲ್ವಾ, ಅವಳಿಗೆ ಹಿಡಿಯುತ್ತೆ ಅಂತ."

ನನ್ನ ಕೈ ನಿಂತಿತು. "ಹಗಲು ನಿದ್ದೆ ಮಾಡ್ತಾಳಾ?"

"ನಿನ್ನೆಯಿಂದ ಬರೀ ನಿದ್ದೆ. ಸೊಪ್ಪಿನ ಮಂಪರು ಅಂತಾರೆ ಅಮ್ಮ."

ಅಯ್ಯೋ ದೇವರೇ. ಡಾಕ್ಟರಿಗೆ ಓಡಿ ಹೇಳಿದೆ. ಈಗಲೇ ಚಿಕ್ಕಬಳ್ಳಾಪುರದ ದೊಡ್ಡಾಸ್ಪತ್ರೆಗೆ ಸೇರಿಸಲಿ, ನಾನು ಅಲ್ಲಿಗೆ ಫೋನ್ ಮಾಡಿ ತಿಳಿಸುತ್ತೇನೆ ಅಂದರು. ವಾರ್ಡಿಗೆ ವಾಪಸ್ ಬಂದಾಗ ಮಗ ಮನೆಗೆ ಫೋನ್ ಹಚ್ಚಿ ಗೋಗರೆಯುತ್ತಿದ್ದ. ಆ ಕಡೆ ಅವನ ತಾಯಿ ಜಗ್ಗುತ್ತಿರಲಿಲ್ಲ. "ನಿಮ್ಮಪ್ಪ ಹೇಳಿದ್ದಾರೆ, ಮಧ್ಯದಲ್ಲಿ ಆಸ್ಪತ್ರೆಗೆ ಹೋದ್ರೆ ಸೊಪ್ಪು ತಿರುಗಿಬೀಳುತ್ತೆ" ಅನ್ನುತ್ತಿದ್ದರು. ನಾನು ಫೋನ್ ಇಸಿದುಕೊಂಡು ಸ್ಪೀಕರ್ ಹಾಕಿ ಮುದುಕನ ಬಾಯಿ ಹತ್ತಿರ ಹಿಡಿದೆ.

"ಹೇಳಿ" ಅಂದೆ.

"ಲೇ, ಅವಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗು" ಅಂದ, ಗುಟ್ಟು ಹೇಳುವವನ ಹಾಗೆ.

"ಜ್ವರಕ್ಕೆ ಏನೇನೋ ಮಾತಾಡ್ತಿದೀರ. ಸೊಪ್ಪು ಅರ್ಧಕ್ಕೆ ಬಿಟ್ರೆ ಪ್ರಾಣಕ್ಕೆ ಕುತ್ತು ಅಂತ ನೀವೇ ತಾನೇ ಎಲ್ಲರಿಗೂ ಹೇಳೋದು?"

ವಾರ್ಡಿನಲ್ಲಿದ್ದವರೆಲ್ಲ ಇತ್ತ ತಿರುಗಿದ್ದರು. ಅವನು ನನ್ನ ಮುಖ ನೋಡಿದ, ಸ್ಪೀಕರ್ ತೆಗಿ ಅನ್ನುವ ಹಾಗೆ. ತೆಗೆಯಬಹುದಿತ್ತು. ತೆಗೆಯಲಿಲ್ಲ.

"ನಿಜ ಹೇಳಿ ತಾತ. ನೀವು ಹೇಳಿದ್ರೆ ಮಾತ್ರ ಅವರು ಕೇಳೋದು. ಜೋರಾಗಿ."

ಅವನು ಕೂಗಿದ. "ನನ್ನ ಸೊಪ್ಪಲ್ಲಿ ಏನೂ ಇಲ್ಲ ಕಣೇ! ಏನೂ ಇಲ್ಲ. ಮಗು ಸಾಯುತ್ತೆ, ಕರ್ಕೊಂಡು ಹೋಗು!"

ಆ ಕಡೆಯಿಂದ ಆ ಹೆಂಗಸು, "ಹಾಗಾದ್ರೆ ಇಷ್ಟು ವರ್ಷ ಬಂದೋರು?" ಅಂದರು. ನಾನು ಕೇಳಬೇಕು ಅಂತ ವರ್ಷಗಟ್ಟಲೆ ಇಟ್ಟುಕೊಂಡಿದ್ದ ಪ್ರಶ್ನೆ ಅದು. ಅವನು ಮುಖ ಗೋಡೆಗೆ ತಿರುಗಿಸಿದ.

ಸೊಸೆ ಬದುಕಿದಳು. ಅಳತೆಗಿಂತ ಸಣ್ಣದಾದರೂ ಮಗುವೂ ಉಳಿಯಿತು. ತಾತನ ಡಿಸ್ಚಾರ್ಜ್ ದಿನ ಕುದಿಸಿ ಆರಿಸಿದ ನೀರು ಕುಡಿಯಿರಿ, ಕೈ ಸೋಪಿನಲ್ಲಿ ತೊಳೆಯಿರಿ, ಡಾಕ್ಟರ್ ಹೇಳದ ಮಾತ್ರೆ ಮುಟ್ಟಬೇಡಿ ಅಂತ ಎಲ್ಲ ಹೇಳಿಕೊಟ್ಟೆ. ಅವನು ಕೈ ಮುಗಿದ. ಆಗ ಅಕ್ಕನ ಊರು, ಅವಳ ಗಂಡನ ಮನೆ, ಅವಳ ಹೊಟ್ಟೆಯಲ್ಲಿದ್ದ ಮಗು, ಎಲ್ಲ ಹೇಳಿ ನೆನಪಿದೆಯಾ ಅಂದೆ.

"ಎಷ್ಟೋ ಜನ ಬರ್ತಿದ್ರಮ್ಮ" ಅಂದ. "ಯಾರು ಅಂತ ನೆನಪಿಟ್ಕೊಳ್ಳೋದು."

ಮುಗಿದ ಆ ಕೈಗಳನ್ನು ಬಿಡಿಸಿ ಕೆಳಗಿಟ್ಟೆ.

ಸಂಜೆ ಮನೆಗೆ ಹೋಗಿ ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ಅವರೆಕಾಯಿ ಸುಲಿಯುತ್ತಾ ಕೇಳಿದಳು. ಫೋನಿನಲ್ಲಿ ಅವನಂದ ಮಾತು ಬಂದಾಗ ಕೈ ನಿಲ್ಲಿಸಿ, "ಇನ್ನೊಂದು ಸಲ ಹೇಳು" ಅಂದಳು. ಹೇಳಿದೆ. ಮತ್ತೆ ಹೇಳು ಅಂದಳು. ಮತ್ತೆ ಹೇಳಿದೆ, ನನ್ನ ಸೊಪ್ಪಲ್ಲಿ ಏನೂ ಇಲ್ಲ ಕಣೇ, ಏನೂ ಇಲ್ಲ.

"ಹಾಳಾದವನು" ಅಂದಳು ಅಮ್ಮ. "ಈ ಮಾತು ನಮ್ಮ ಹುಡುಗಿ ಇದ್ದಾಗ ಆಡೋಕೆ ಏನಾಗಿತ್ತು ಅವನಿಗೆ?"