ಚುಕ್ಕಿ ತೆಗೆಸಿದ ಡಾಕ್ಟರು

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ನೈರೋಬಿಯ ನಮ್ಮ ಕನ್ನಡ ಸಂಘ ಒಂದು ಸ್ಮರಣ ಸಂಚಿಕೆ ತರಲು ಹೊರಟಿತು. ನಾನಾಗ ಅಲ್ಲಿನ ಲ್ಯಾವಿಂಗ್ಟನ್ ಬಡಾವಣೆಯ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಇಂಗ್ಲಿಷ್ ಕಲಿಸುವವರಿಗೆ ಮನೆಯಲ್ಲಿ ಬೇರೆ ಕೆಲಸವಿರುವುದಿಲ್ಲ ಎಂಬುದು ಸಂಘದವರ ದೃಢ ನಂಬಿಕೆಯಾಗಿದ್ದರಿಂದ ಪ್ರೂಫ್ ತಿದ್ದುವ ಭಾಗ್ಯ ನನಗೆ ಒಲಿಯಿತು.

ಕನ್ನಡದ ಅಚ್ಚುಮೊಳೆ ಆ ಊರಿನಲ್ಲಿ ಸಿಗುತ್ತಿರಲಿಲ್ಲ. ಲೇಖನಗಳನ್ನು ದುಂಡಗೆ ಬರೆಯಬಲ್ಲ ಒಬ್ಬ ಹೆಂಗಸಿನ ಕೈಯಲ್ಲಿ ಬರೆಸಿ ಬ್ಲಾಕ್ ಮಾಡಿಸಿದೆವು. ಸದಸ್ಯರ ಹೆಸರುಗಳು ಮಾತ್ರ ಇಂಗ್ಲಿಷಿನಲ್ಲಿ ಅಚ್ಚಾಗಬೇಕಿತ್ತು. ತೊಂದರೆ ಶುರುವಾದದ್ದು ಅಲ್ಲಿಂದ. ನಮ್ಮವರ ಹೆಸರು ಎಂದರೆ ಮುಂದೆ ಅಕ್ಷರಗಳ ಒಂದು ಮೆರವಣಿಗೆ. ಊರು, ತಂದೆ, ಕೆಲವರಿಗೆ ತಾತ ಕೂಡ, ತಲೆಗೊಂದು ಅಕ್ಷರದಂತೆ ಕುಗ್ಗಿ ಸಾಲಾಗಿ ನಿಂತಿರುತ್ತಾರೆ. ಒಬ್ಬರು ಪ್ರತಿ ಅಕ್ಷರಕ್ಕೂ ಚುಕ್ಕಿ ಇಡುತ್ತಿದ್ದರು. ಇನ್ನೊಬ್ಬರು ಚುಕ್ಕಿಯ ನಂತರ ಜಾಗವನ್ನೂ ಬಿಡುತ್ತಿದ್ದರು. ಮತ್ತೊಬ್ಬರು ಕೊನೆಯ ಅಕ್ಷರಕ್ಕೆ ಮಾತ್ರ ಚುಕ್ಕಿ ಇಟ್ಟು, ಉಳಿದದ್ದನ್ನು ಓದುವವರ ವಿವೇಚನೆಗೆ ಬಿಡುತ್ತಿದ್ದರು. ನನ್ನ ವಿಷಯ ಹೇಳುವುದಾದರೆ, ಹುಟ್ಟಿದಾಗಿನಿಂದ ಹೊತ್ತಿದ್ದ ಅಪ್ಪನ ಅಕ್ಷರವನ್ನು ಮದುವೆಯ ದಿನ ಮಂಟಪದಲ್ಲೇ ಇಳಿಸಿ ಗಂಡನ ಅಕ್ಷರವನ್ನು ಏರಿಸಿದ್ದರು. ನನ್ನನ್ನು ಯಾರೂ ಕೇಳಿರಲಿಲ್ಲ.

ಪುಸ್ತಕದಲ್ಲಿ ಎಲ್ಲರ ಹೆಸರೂ ಒಂದೇ ರೀತಿ ಇರಬೇಕಲ್ಲವೇ ಎಂದು ನಾನು ಬಾಯಿ ತಪ್ಪಿ ಕೇಳಿದೆ. ಅಧ್ಯಕ್ಷರು ಕೂಡಲೇ ತಮ್ಮ ಮನೆಯಲ್ಲಿ ಸಭೆ ಕರೆದರು.

ಅಧ್ಯಕ್ಷರು ಡಾಕ್ಟರು. ನಗರದ ಇನ್ನೊಂದು ಬಡಾವಣೆಯಾದ ಹರ್ಲಿಂಗ್‌ಹ್ಯಾಮ್‌ನಲ್ಲಿ ಅವರ ಕ್ಲಿನಿಕ್ ಇತ್ತು. ಮಲೇರಿಯಾ ವಿಷಯದಲ್ಲಿ ತಮ್ಮ ಮುಂದೆ ಯಾರೂ ಇಲ್ಲವೆಂದು ಅವರೇ ನಮಗೆ ಆಗಾಗ ತಿಳಿಸುತ್ತಿದ್ದರು. ಅವರ ಹೆಸರಿನ ಮುಂದೆ ಮೂರು ಅಕ್ಷರಗಳಿದ್ದವು: ಎಂ, ಬಿ, ಯು. ಮೊದಲನೆಯದು ಊರು, ಎರಡನೆಯದು ತಂದೆ, ಮೂರನೆಯದು ಸ್ವತಃ ಅವರು. ಅದಾದ ಮೇಲೆ ಮನೆತನದ ಹೆಸರು. ಆಗಷ್ಟೇ ಲಂಡನ್ನಿನ ಒಂದು ಸಮ್ಮೇಳನಕ್ಕೆ ಹೋಗಿ ಬಂದಿದ್ದರು. ಬರುವಾಗ ಒಂದು ಬಿಸ್ಕತ್ತಿನ ಡಬ್ಬಿಯನ್ನೂ ಒಂದು ಹೊಸ ಜ್ಞಾನವನ್ನೂ ತಂದಿದ್ದರು. ಎರಡನ್ನೂ ಸಭೆಗೆ ಹಂಚಿದರು.

“ಲಂಡನ್ನಲ್ಲಿ ಈಗ ಯಾರೂ ಡಾಟ್ ಹಾಕಲ್ಲ ರೀ,” ಎಂದರು. “ಡಾಟೂ ಇಲ್ಲ, ಸ್ಪೇಸೂ ಇಲ್ಲ. ನೀಟಾಗಿ ಒಟ್ಟಿಗೆ ಬರೀತಾರೆ. ನಾವು ಮಾತ್ರ ಇನ್ನೂ ಹೆಸರಿಗೆಲ್ಲ ಸಾಸಿವೆ ಒಗ್ಗರಣೆ ಹಾಕ್ಕೊಂಡು ಕೂತಿದ್ದೀವಿ.”

ವಿಶ್ವವಿದ್ಯಾಲಯದಲ್ಲಿ ಗಣಿತ ಹೇಳುತ್ತಿದ್ದ ಮೈಸೂರಿನ ಲೆಕ್ಚರರ್ ಒಬ್ಬರು ಬಿಸ್ಕತ್ತನ್ನು ತಟ್ಟೆಗೆ ವಾಪಸ್ ಇಟ್ಟರು. “ಡಾಟ್ ಅಂದ್ರೆ ಏನು ಸಾರ್? ಇಲ್ಲೊಂದು ಹೆಸರು ಮುರಿದಿದ್ದೀವಿ ಅನ್ನೋದಕ್ಕೆ ಗುರುತು. ನಮ್ಮಪ್ಪನ ಹೆಸರಲ್ಲಿ ಒಂದಕ್ಷರ ಬಿಟ್ಟು ಮಿಕ್ಕಿದ್ದೆಲ್ಲ ತಿಂದು ಹಾಕಿದ್ದೀನಿ. ಅದಕ್ಕೆ ಬದ್ಲು ಒಂದು ಚುಕ್ಕಿ ಇಡೋಕೂ ನನಗೆ ಆಗಲ್ವಾ?”

“ಸೆಂಟಿಮೆಂಟ್ ಬೇಡಿ, ಇದು ಸ್ಟೈಲ್ ಪ್ರಶ್ನೆ,” ಎಂದರು ಅಧ್ಯಕ್ಷರು.

ವಾದ ಬೆಳೆಯಿತು. ಅದೇ ವಾರ ಪೇಟೆಯಲ್ಲಿ ಸಕ್ಕರೆಯೇ ಸಿಗುತ್ತಿರಲಿಲ್ಲ, ಅದರ ಬಗ್ಗೆ ಯಾರೂ ಇಷ್ಟು ಬಿಸಿಯಾಗಿರಲಿಲ್ಲ. ಚುಕ್ಕಿ ಬೇಕೆನ್ನುವವರಲ್ಲೇ ಜಾಗ ಬಿಡುವವರು, ಬಿಡದವರು ಎಂದು ಎರಡು ಪಂಗಡವಾಯಿತು. ಅಧ್ಯಕ್ಷರ ಹೆಂಡತಿ ಕಾಫಿಯನ್ನು ಮತ್ತೊಮ್ಮೆ ಬಿಸಿ ಮಾಡಿ ತಂದರು.

ಇಷ್ಟೆಲ್ಲ ನಡೆಯುವಾಗ ಸುಮ್ಮನೆ ಕೂತಿದ್ದವರು ನಮ್ಮ ಖಜಾಂಚಿ ಒಬ್ಬರೇ. ಮಂಗಳೂರಿನ ಕಡೆಯ ಕ್ಯಾಥೊಲಿಕ್ ಹೆಂಗಸು, ಮನೆಯಲ್ಲಿ ಕೊಂಕಣಿ, ಬೆಳೆದದ್ದೆಲ್ಲ ನೈರೋಬಿಯಲ್ಲಿ. ಅವರಿಗಿದ್ದದ್ದು ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರು ಮತ್ತು ಮನೆತನದ ಹೆಸರು, ಅಷ್ಟೆ. ಹಿಂದಿನ ವರ್ಷದ ರಾಜ್ಯೋತ್ಸವದ ಆಹ್ವಾನ ಪತ್ರಿಕೆಯಲ್ಲಿ ಅಧ್ಯಕ್ಷರು ಆ ಕೊರತೆಯನ್ನು ನೀಗಿಸಿದ್ದರು. “ಎಲ್ರಿಗೂ ಇನಿಷಿಯಲ್ ಇದೆ, ನಿಮಗೊಬ್ಬರಿಗೆ ಇಲ್ಲ ಅಂದ್ರೆ ಬೋಳಾಗಿ ಕಾಣತ್ತೆ ಮೇಡಂ,” ಎಂದು ಮಂಗಳೂರಿಗೊಂದು ಅಕ್ಷರ, ಅವರ ತಂದೆಗೊಂದು ಅಕ್ಷರ ಸೇರಿಸಿ, ಅವರ ಸ್ವಂತ ಹೆಸರನ್ನೂ ಒಂದೇ ಅಕ್ಷರಕ್ಕೆ ಕತ್ತರಿಸಿ ಅಚ್ಚು ಹಾಕಿಸಿದ್ದರು. ಚರ್ಚಿನಲ್ಲಿ ಅದನ್ನು ನೋಡಿದ ಅವರ ಚಿಕ್ಕಮ್ಮ, ನಿಮ್ಮ ಸಂಘಕ್ಕೆ ಹೊಸದಾಗಿ ಬಂದ ಈ ಗಂಡಸು ಯಾರು ಎಂದು ಕೇಳಿದರಂತೆ.

ಕೈ ಎತ್ತಿ ಎಂದಾಗ ಚುಕ್ಕಿ ಬೇಡವೆಂದು ಎಲ್ಲರಿಗಿಂತ ಮೊದಲು ಕೈ ಎತ್ತಿದವರು ಈ ಖಜಾಂಚಿಯೇ.

“ಸಾರ್ ಹೇಳುವುದು ಸರಿ ಉಂಟು,” ಎಂದರು. “ಕ್ಲಿನಿಕ್ಕಿನ ಬೋರ್ಡಿನಲ್ಲಿಯೂ ಹಾಗೆಯೇ ಬರೆಸಿ ಸಾರ್. ಭಾರೀ ಚಂದ ಕಾಣ್ತದೆ.”

ಅಧ್ಯಕ್ಷರು ಹಿಗ್ಗಿದರು. ಚುಕ್ಕಿ ಸೋತಿತು.

ಮಾರನೆಯ ದಿನ ನಾನು ಪ್ರೂಫಿನ ಕಟ್ಟು ಹಿಡಿದು ಮಟಾಟು ಎಂಬ ಬಾಡಿಗೆ ವ್ಯಾನು ಹತ್ತಿ ನ್ಗಾರಾದ ಪ್ರೆಸ್ಸಿಗೆ ಹೋದೆ. ಅಲ್ಲಿ ಮೊಳೆ ಜೋಡಿಸುವಾತ ಚಿಮಟದಲ್ಲಿ ಚುಕ್ಕಿಗಳನ್ನು ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕಿದ. ಮೊದಲ ಪುಟದಲ್ಲಿ ಅಧ್ಯಕ್ಷರ ಹೆಸರನ್ನು ಸರಿಮಾಡಿದ ಮೇಲೆ ಅದನ್ನೇ ನೋಡಿ ಮುಗುಳ್ನಕ್ಕ. ಕೆಲಸ ಅಚ್ಚುಕಟ್ಟಾಗಿದೆ ಎಂಬ ಸಂತೋಷ ಇರಬೇಕು ಎಂದುಕೊಂಡು ನಾನೂ ನಕ್ಕು “ಅಸಾಂಟೆ” ಎಂದು ಥ್ಯಾಂಕ್ಸ್ ಹೇಳಿದೆ.

ಸಂಚಿಕೆ ಹೊರಬಂತು. ಶಾಲೆಯಲ್ಲಿ ನನ್ನ ಪಕ್ಕದ ಮೇಜಿನ ಸ್ವಾಹಿಲಿ ಟೀಚರಿಗೆ ಜಂಬದಿಂದ ಒಂದು ಪ್ರತಿ ತೋರಿಸಿದೆ. ಆಕೆ ಮೊದಲ ಪುಟ ತೆರೆದು ಬಹಳ ಹೊತ್ತು ನೋಡಿ, “ಈ ಡಾಕ್ಟರ ಮೇಲೆ ಅವರ ತಂದೆ ತಾಯಿಗೆ ಏನು ಸಿಟ್ಟಿತ್ತು?” ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನನಗೆ ಅರ್ಥವಾಗಲಿಲ್ಲ. ಆಕೆ ನನ್ನ ಕಿವಿಯ ಹತ್ತಿರ ಗುಂಯ್ ಎಂದು ಸದ್ದು ಮಾಡಿ, ತನ್ನ ಕತ್ತಿನ ಮೇಲೆ ಪಟ್ ಎಂದು ಹೊಡೆದುಕೊಂಡಳು.

ಎಂ, ಬಿ, ಯು. ಚುಕ್ಕಿ ತೆಗೆದು ಕೂಡಿಸಿ ಓದಿದರೆ ‘ಮ್ಬು’. ಸ್ವಾಹಿಲಿಯಲ್ಲಿ ಸೊಳ್ಳೆ.

ವರ್ಷಗಟ್ಟಲೆ ಆ ದೇಶದಲ್ಲಿ ಇದ್ದ ನಮಗೆ ಇದು ಗೊತ್ತಿರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ನಮ್ಮ ಸ್ವಾಹಿಲಿ ಬಹಳ ಉನ್ನತ ಮಟ್ಟದ್ದು. ಬೆಲೆ ಎಷ್ಟು, ಹೆಚ್ಚಾಯಿತು, ನಾಳೆ ಬಾ, ಪಾತ್ರೆ ಸರಿಯಾಗಿ ತೊಳೆ. ಸೊಳ್ಳೆಯ ಜೊತೆ ಮಾತಾಡುವ ಸಂದರ್ಭ ಬಂದಿರಲಿಲ್ಲ.

ಓಡಿಹೋಗಿ ಹೇಳೋಣವೆಂದುಕೊಂಡರೆ ಅಷ್ಟರಲ್ಲಿ ಹರ್ಲಿಂಗ್‌ಹ್ಯಾಮ್‌ನಲ್ಲಿ ಬೋರ್ಡು ಏರಿಬಿಟ್ಟಿತ್ತು. ಬಿಳಿ ಹಲಗೆಯ ಮೇಲೆ ಆಳೆತ್ತರದ ನೀಲಿ ಅಕ್ಷರಗಳು. ಡಾಕ್ಟರ್ ಸೊಳ್ಳೆ, ಮಲೇರಿಯಾ ತಜ್ಞರು. ದಾರಿಹೋಕರು ನಿಂತು ಓದಿ, ಗೆಳೆಯರನ್ನು ಕರೆದು ತೋರಿಸುತ್ತಿದ್ದರು. ಮಟಾಟುವಿನ ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತ ಆ ನಿಲ್ದಾಣಕ್ಕೆ “ಮ್ಬು! ಮ್ಬು!” ಎಂದೇ ಕೂಗತೊಡಗಿದ. ಇಳಿಯುವವರೂ ಹಾಗೆಯೇ ಹೇಳಿ ಇಳಿಯುತ್ತಿದ್ದರು.

ಸುದ್ದಿಯನ್ನು ಅಧ್ಯಕ್ಷರಿಗೆ ಮುಟ್ಟಿಸುವ ಕಷ್ಟದ ಕೆಲಸವನ್ನು ಗಣಿತದ ಲೆಕ್ಚರರ್ ತಾವಾಗಿ ವಹಿಸಿಕೊಂಡರು. ಫೋನಿನಲ್ಲಿ ಅವರ ದನಿ ಅಷ್ಟು ದುಃಖದಿಂದ ಕೂಡಿದ್ದನ್ನು ತಾವು ಹಿಂದೆಂದೂ ಕೇಳಿರಲಿಲ್ಲವೆಂದು ಅಧ್ಯಕ್ಷರ ಹೆಂಡತಿ ಆಮೇಲೆ ನನಗೆ ಹೇಳಿದರು.

ಅಧ್ಯಕ್ಷರು ಮೊದಲು, ಜನ ಹೆಸರು ನೋಡುವುದಿಲ್ಲ, ಡಿಗ್ರಿ ನೋಡುತ್ತಾರೆ ಎಂದರು. ಆಮೇಲೆ ಪೇಂಟರನ್ನು ಕರೆಸಿ ಮೂರು ಅಕ್ಷರಕ್ಕೂ ಚುಕ್ಕಿ ಇಡಿಸಿದರು. ದೂರದಿಂದಲೂ ಕಾಣಲೆಂದು ಕೆಂಪು ಬಣ್ಣದಲ್ಲಿ, ನಿಂಬೆಹಣ್ಣಿನ ಗಾತ್ರದಲ್ಲಿ. ಸೊಳ್ಳೆ ಮೊಟ್ಟೆ ಇಟ್ಟಿದೆ ಎಂದು ಬೀದಿಯಲ್ಲಿ ಮಾತಾಯಿತು. ಅವರಿಗೆ ಇನ್ನೂ ನೋವಾದದ್ದು ಬೇರೆ ವಿಷಯಕ್ಕೆ: ಕ್ಲಿನಿಕ್ಕಿಗೆ ಜನ ಹೆಚ್ಚಾದರು. ಹೆಸರಿನಲ್ಲೇ ಸೊಳ್ಳೆ ಇಟ್ಟುಕೊಂಡವನಿಗೆ ಮಲೇರಿಯಾ ಗೊತ್ತಿಲ್ಲದೆ ಇರುತ್ತದೆಯೇ ಎಂದು ದೂರದೂರದಿಂದ ಬರುತ್ತಿದ್ದರು. ಡಿಗ್ರಿ ಮಾತ್ರ ಗೋಡೆಯ ಮೇಲೆ ಗಾಜು ಹಾಕಿಸಿಕೊಂಡು ತಣ್ಣಗೆ ತೂಗುತ್ತಿತ್ತು.

ಸಂಘದ ಮುಂದಿನ ಸಭೆಯಲ್ಲಿ ಚಹಾ ಕುಡಿಯುವಾಗ ಅಧ್ಯಕ್ಷರು ಖಜಾಂಚಿಯ ಎದುರು ಬಂದು ನಿಂತರು. ನಾನು ಪಕ್ಕದಲ್ಲೇ ಇದ್ದೆ.

“ಮೇಡಂ, ನಿಮಗೆ ಸ್ವಾಹಿಲಿ ಚೆನ್ನಾಗಿ ಬರತ್ತಲ್ವಾ?”

“ಬರ್ತದೆ ಸಾರ್. ಇಲ್ಲೇ ಶಾಲೆಗೆ ಹೋದದ್ದಲ್ವಾ.”

“ಹಾಗಾದ್ರೆ ಅವತ್ತೇ ಗೊತ್ತಿತ್ತು ನಿಮಗೆ.”

“ಗೊತ್ತಿತ್ತು.”

“ಮತ್ತೆ ಯಾಕ್ರೀ ಹೇಳ್ಲಿಲ್ಲ?”

ಖಜಾಂಚಿ ಕಪ್ಪನ್ನು ಸಾಸರಿನ ಮೇಲಿಟ್ಟರು. “ನನಗೆ ಇನಿಷಿಯಲ್ ಹಾಕುವಾಗ ನೀವು ನನ್ನ ಹತ್ರ ಕೇಳಿದ್ದೀರಾ ಸಾರ್? ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ನನಗೆ ಇಟ್ಟದ್ದು ನನ್ನ ಅಜ್ಜಿಯ ಹೆಸರು. ಅದನ್ನು ನೀವು ಒಂದು ಅಕ್ಷರ ಮಾಡಿಬಿಟ್ರಿ.”

ಅಧ್ಯಕ್ಷರ ಮುಖ ಕೆಂಪಾಯಿತು. ಈಗ ಒಂದು ಭಾಷಣ ಬರುತ್ತದೆ ಎಂದು ನಾನು ತಟ್ಟೆ ಹಿಡಿದು ಹಿಂದೆ ಸರಿದೆ. ಅವರು “ಸಾರಿ ಮೇಡಂ. ತಪ್ಪಾಯ್ತು. ಮುಂದಿನ ಸಲ ನಿಮಗೆ ಹೇಗೆ ಬೇಕೋ ಹಾಗೇ ಹಾಕ್ಸೋಣ,” ಎಂದಷ್ಟೇ ಹೇಳಿದರು. ಅವರ ಬಾಯಲ್ಲಿ ನಾನು ಕೇಳಿದ ಅತ್ಯಂತ ಚಿಕ್ಕ ಭಾಷಣ ಅದೇ. ಮುಂದಿನ ಆಹ್ವಾನ ಪತ್ರಿಕೆಯಲ್ಲಿ ಖಜಾಂಚಿಯ ಹೆಸರು ಪೂರ್ತಿಯಾಗಿ ಬಂತು.

ಬೋರ್ಡಿನ ವಿಷಯದಲ್ಲಿ ಮಾತ್ರ ಅಧ್ಯಕ್ಷರು ತಮ್ಮ ಸ್ವಭಾವಕ್ಕೆ ತಕ್ಕ ಪರಿಹಾರ ಕಂಡುಕೊಂಡರು. ಅಕ್ಷರಗಳ ಸಹವಾಸವೇ ಬೇಡವೆಂದು ಊರು, ತಂದೆ, ತಾವು, ಮನೆತನ, ನಾಲ್ಕನ್ನೂ ಬಿಡಿಸಿ ಬರೆಸಿದರು. ಹಲಗೆ ಸಾಲದೆ ಹೆಸರು ಪಕ್ಕದ ಔಷಧಿ ಅಂಗಡಿಯ ಬಾಗಿಲವರೆಗೆ ಹೋಯಿತು. ಆ ಅಂಗಡಿಯವನು ಜಗಳಕ್ಕೆ ಬಂದು, ಬಾಡಿಗೆಯ ಮಾತೆತ್ತಿ, ಕೊನೆಗೆ ಅದರ ನೆರಳಿಗೆ ಒಗ್ಗಿಕೊಂಡ.

ಅದಾದ ಸ್ವಲ್ಪ ಕಾಲಕ್ಕೆ ನಾನು ಗಂಟಲುನೋವೆಂದು ಅಲ್ಲಿಗೆ ಹೋಗಿದ್ದೆ. ನನಗಿಂತ ಮುಂಚೆ ಬಂದಿದ್ದ ಕಿಕುಯು ಜನಾಂಗದ ಒಬ್ಬ ಅಜ್ಜಿ ಬಾಗಿಲಲ್ಲಿ ನಿಂತು, ಅಷ್ಟುದ್ದದ ಹೆಸರಿನಲ್ಲಿ ತನ್ನ ನಾಲಿಗೆಗೆ ಹೊರಳಿದ ಒಂದು ತುಂಡನ್ನು ಆರಿಸಿಕೊಂಡು ಗಟ್ಟಿಯಾಗಿ ಕೂಗಿದಳು. ಅದು ಡಾಕ್ಟರ ತಂದೆಯ ಹೆಸರು. ನಾನು ನಗು ತಡೆದುಕೊಂಡು ಡಾಕ್ಟರ ಮುಖ ನೋಡಿದೆ. ತಿದ್ದುತ್ತಾರೆ, ಇದು ನನ್ನ ಹೆಸರಲ್ಲ ಎಂದು ಅವಳಿಗೊಂದು ಪಾಠ ಮಾಡುತ್ತಾರೆ ಎಂದುಕೊಂಡೆ. ಅವರು ಎದ್ದು ಹೋಗಿ “ಕರೀಬು ಮಾಮಾ”, ಬನ್ನಿ ತಾಯಿ, ಎಂದು ಅವಳ ಕೈ ಹಿಡಿದು ಒಳಗೆ ಕರೆತಂದು ಕೂರಿಸಿದರು.

ಅಜ್ಜಿ ಹೋದ ಮೇಲೆ ನನ್ನ ಗಂಟಲಿಗೆ ಟಾರ್ಚು ಬಿಡುತ್ತ ಹೇಳಿದರು: “ಅಪ್ಪ ಹೋದ್ಮೇಲೆ ಆ ಹೆಸರನ್ನ ಯಾರೂ ಹಾಗೆ ಕೂಗಿದ್ದು ನಾನು ಕೇಳೇ ಇರ್ಲಿಲ್ಲ ರೀ. ಅವ್ರು ಸಂತೆಯಿಂದ ಬರೋವಾಗ ಅಕ್ಕಪಕ್ಕದವ್ರು ಹೀಗೇ ಬೀದಿಯಿಂದ ಕೂಗ್ತಿದ್ರು.”

ನನ್ನ ಬಾಯಿ ಅಗಲವಾಗಿ ತೆರೆದೇ ಇತ್ತು. ಅವರು ಟಾರ್ಚು ಆರಿಸಿ, ಉಪ್ಪುನೀರಿನಲ್ಲಿ ಮುಕ್ಕಳಿಸಿ ಎಂದು ಹೇಳಿ ಕಳಿಸಿದರು.