ಹಿಮಕ್ಕೆ ಬಿಟ್ಟ ದಾರಿ

ಮಾಸಿಗೆ ಹೊಟ್ಟೆಕಿಚ್ಚು ಜಾಸ್ತಿ ಎಂದು ಹಟ್ಟಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಿ ದಕ್ಕಿಸಿಕೊಳ್ಳುವ ಗುಂಡಿಗೆ ಯಾರಿಗಿತ್ತು? ಆದರೆ ಇದ್ದದ್ದು ನಿಜ. ದೊಡ್ಡಬೆಟ್ಟದ ಈ ಮಗ್ಗುಲಿಗೆ ಮದುವೆಯಾಗಿ ಬಂದಂದಿನಿಂದ ಮೂವತ್ತು ವರ್ಷ ಅವಳು ಹೂಗಿಡಗಳನ್ನೂ ಹೊಟ್ಟೆಕಿಚ್ಚನ್ನೂ ಒಟ್ಟಿಗೇ ಸಾಕಿದಳು.

ಗಿಡದ ವಿದ್ಯೆ ತಂದೆಯಿಂದ ಬಂದದ್ದು. ಆತ ಊಟಿಯಲ್ಲಿ ಒಬ್ಬ ಡಾಕ್ಟರ ಬಂಗಲೆಯ ಮಾಲಿ. ಮಳೆ ಹಿಂದೆಗೆದ ಕೂಡಲೇ ಜುಮಕಿ ಹೂವಿನ ಗಿಡದ ಕಡ್ಡಿ ಕತ್ತರಿಸಿ ಬೇರು ಬಿಡಿಸಬೇಕು. ಕಾರ್ತಿಕ ಕಳೆದರೆ ದಿನವೂ ಬಿಸಿಲಿರುವಾಗಲೇ ಗಿಡಗಳಿಗೆ ಜರಿಸೊಪ್ಪು ಹೊದಿಸಬೇಕು. ಬೆಳಗ್ಗೆ ಬಿಸಿಲು ತಾಗುವ ಮುಂಚೆ ಸೊಪ್ಪು ಸರಿಸಿ, ಒರತೆ ನೀರು ಚಿಮುಕಿಸಿ, ಎಲೆಯ ಮೇಲಿನ ಹಿಮ ಮೆಲ್ಲಗೆ ಕರಗಿಸಬೇಕು. ಶಿವರಾತ್ರಿ ದಾಟುವ ತನಕ ಒಣಗಿದ ಕೊಂಬೆಗೂ ಕತ್ತರಿ ತೋರಿಸಕೂಡದು. ಇದರಲ್ಲಿ ಮಾಸಿ ಒಂದು ದಿನವೂ ತಪ್ಪಿದವಳಲ್ಲ.

ಕೆಳಗಿನ ಮನೆಯ ವಾರಗಿತ್ತಿ ಲಿಂಗಿಗೆ ಇದೊಂದೂ ಗೊತ್ತಿರಲಿಲ್ಲ. ಅವಳ ಹಿತ್ತಿಲು ತಗ್ಗಿನಲ್ಲಿತ್ತು. ಬೆಟ್ಟದ ಚಳಿಯೆಲ್ಲ ಇಳಿದು ಬಂದು ಅಲ್ಲೇ ಕೂರುವುದರಿಂದ ವರ್ಷ ವರ್ಷವೂ ಅರ್ಧಕ್ಕರ್ಧ ಗಿಡಗಳು ಸುಟ್ಟುಹೋಗುತ್ತಿದ್ದವು. ಲಿಂಗಿ ನಗುನಗುತ್ತಲೇ ಅವರಿವರ ಹತ್ತಿರ ಕಡ್ಡಿ ಬೇಡಿ ತಂದು ಮತ್ತೆ ಚುಚ್ಚುತ್ತಿದ್ದಳು, ಬೇಸಿಗೆಗೆ ಮತ್ತೆ ಹೂವು. ಬಸ್ಸಿಳಿದು ಬರುವವರಿಗೆ ಮೊದಲು ಕಾಣುವುದು ಆ ಹಿತ್ತಿಲೇ. "ಏನು ಕೈಗುಣ ಲಿಂಗೀದು!" ಎನ್ನುತ್ತಿದ್ದರು. ಕೈಗುಣವಂತೆ! ಮಾಸಿ ಮೈ ಪರಚಿಕೊಳ್ಳುತ್ತಿದ್ದಳು.

ಅದಕ್ಕಿಂತ ಉರಿಯುವ ಸಂಗತಿ ಬೇರೆ ಇತ್ತು. ಅತ್ತೆ ಇದ್ದದ್ದು ಲಿಂಗಿಯ ಜೊತೆ. ಮಂಡಿನೋವು, ಮೇಲಿನ ಮನೆಯ ಮೆಟ್ಟಿಲು ಹತ್ತಲಾರೆ ಎಂಬುದು ನೆಪ. "ನನ್ನ ಸೊಸೆ" ಎಂದು ಆ ಮುದುಕಿಯ ಬಾಯಿಂದ ಬಂದರೆ ಅದು ಲಿಂಗಿಯೇ. ಮಾಸಿಯ ಪಾಲಿಗೆ ಉಳಿದದ್ದು ಒಂದು ಬಿಳಿ ಜುಮಕಿ ಗಿಡ. ಅತ್ತೆ ತನ್ನ ತೌರಿನಿಂದ ತಂದದ್ದನ್ನು, "ಇದು ಹಿರಿಸೊಸೆದು" ಎಂದು ಮದುವೆಯ ಮರುದಿನ ಅವಳ ಕೈಗಿತ್ತಿದ್ದಳು. ಲಿಂಗಿ ಎಷ್ಟು ಸಲ ಕೇಳಿದರೂ ಮಾಸಿ ಅದರ ಕಡ್ಡಿ ಕೊಟ್ಟಿರಲಿಲ್ಲ.

ಆ ವರ್ಷ ಮಳೆ ಮುಗಿದ ಮೇಲೆ ಒಂದು ಮಧ್ಯಾಹ್ನ ಮಾಸಿ ಕೆಳಗೆ ನೋಡುತ್ತಾಳೆ, ಲಿಂಗಿಯ ಹಿತ್ತಿಲಲ್ಲಿ ಗೇಣುದ್ದದ ಬಿಳಿ ಜುಮಕಿ! ಅತ್ತೆ ಪಕ್ಕದಲ್ಲಿ ಕುಳಿತು ಅದರ ಮೊಗ್ಗು ಸವರುತ್ತಿದ್ದಾಳೆ. ಗಾಳಿಗೆ ಮುರಿದು ಬಿದ್ದ ಕೊಂಬೆಯನ್ನು ಲಿಂಗಿ ಕೇಳದೆ ನೆಟ್ಟುಕೊಂಡಿದ್ದಳು. ಮಾಸಿ ಜಗಳಕ್ಕೆ ಹೋಗಲಿಲ್ಲ. ಗಂಡ ಬೆಳ್ಳಿಯನ್ನು ಕರೆದಳು.

"ಆ ಹಳೇ ಕೊಟ್ಟಿಗೆ ತಗಡು ತಂದು ಹಿತ್ತಿಲ ಕೆಳಗಡೆ ಅಂಚಿಗೆ ನಿಲ್ಸಿ."

"ಕೆಳಗಡೆಗಾ?" ಬೆಳ್ಳಿ ಬಾಯಿ ತೆರೆದ. "ತಲೆ ನೆಟ್ಟಗಿದೆಯೇನೆ? ಅದು ಹಿಮಕ್ಕೆ ಬಿಟ್ಟ ದಾರಿ."

"ಹಿಮ ಬೇಕಾದ್ರೆ ಸುತ್ತಿ ಬಳಸಿ ಹೋಗ್ಲಿ. ನನ್ನ ಕಣ್ಣಿಗೆ ಆ ಮನೆ ಕಾಣ್ಬಾರ್ದು."

ಬೆಟ್ಟದ ಚಳಿ ನೀರಿನ ಹಾಗೆ ಇಳಿಜಾರು ಹಿಡಿದು ಹರಿಯುತ್ತದೆ, ಅಡ್ಡ ಸಿಕ್ಕಿದಲ್ಲಿ ನಿಂತು ಹಿಮವಾಗುತ್ತದೆ. ಅದಕ್ಕೇ ಹಟ್ಟಿಯವರು ಮೇಲಂಚಿಗೆ ಬೇಲಿ ಹಾಕಿ ಕೆಳಂಚನ್ನು ಬಯಲು ಬಿಡುವುದು. ಇದು ಮಾಸಿಗೆ ಗೊತ್ತಿರಲಿಲ್ಲವೇ? ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಸಿಟ್ಟಿನಲ್ಲಿ ಅಪ್ಪ ಕಲಿಸಿದ್ದೆಲ್ಲ ಮರೆತಳು. ಎದೆಯುದ್ದದ ತಗಡಿನ ಗೋಡೆ ಎದ್ದಿತು.

ಪುಷ್ಯದಲ್ಲಿ ಹಿಮ ಬಂತು. ಬೆಳಗ್ಗೆ ಸೊಪ್ಪು ಸರಿಸಿದರೆ ಜೆರೇನಿಯಂ, ಬಿಗೋನಿಯ ಎಲ್ಲ ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಕುಸಿದಿದ್ದವು. ಬಿಳಿ ಜುಮಕಿಯ ಬುಡವೇ ಸೀಳಿತ್ತು. ಮಾಸಿ ಒರತೆ ನೀರು ಹೊಯ್ದಳು, ಮತ್ತೆ ಹೊಯ್ದಳು. ಆಮೇಲೆ ತಗಡಿನಾಚೆ ಬಗ್ಗಿ ನೋಡಿದಳು. ಲಿಂಗಿಯ ಹಿತ್ತಿಲು ಹಸುರಾಗಿತ್ತು. ಆ ಕದ್ದ ಗಿಡ ಸಹ ಮೊಗ್ಗು ಹೊತ್ತು ನಿಂತಿತ್ತು. ಕಳ್ಳಿ, ಏನೋ ಮಾಡಿಸಿದ್ದಾಳೆ! ಇವತ್ತು ಬಿಡುವುದಿಲ್ಲ ಎಂದು ಸೆರಗು ಬಿಗಿದು ಮೆಟ್ಟಿಲು ಇಳಿದಳು.

ಅವಳು ಬಾಯಿ ತೆರೆಯುವ ಮೊದಲೇ ಲಿಂಗಿ ಓಡಿ ಬಂದು ಎರಡೂ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರು.

"ಅಕ್ಕಾ, ನಿಮ್ಮ ಗಿಡ ಎಲ್ಲಾ ಹೋಯ್ತಂತಲ್ಲಾ, ಈಗಷ್ಟೇ ಭಾವ ಹೇಳಿದ್ರು! ಭಾವ ತಗಡು ನಿಲ್ಲಿಸ್ತಿದ್ದಾಗ್ಲೇ ಅತ್ತೆ ಹೇಳಿದ್ರು, ನೋಡೇ, ನಿನ್ನ ಹಿತ್ತಿಲು ಉಳೀಲಿ ಅಂತ ಮಾಸಿ ಹಿಮಾನ ತನ್ನ ಅಂಗಳದಲ್ಲೇ ಕಟ್ಟಿ ಹಾಕ್ತಿದಾಳೆ ಅಂತ. ನಾನೇ ಪಾಪಿ, ನಂಬ್ಲಿಲ್ಲ. ಕೇಳ್ದೆ ಕೊಂಬೆ ನೆಟ್ಟಿದ್ದಕ್ಕೆ ಮುನಿಸ್ಕೊಂಡು ಹಾಕ್ಸಿದಾರೆ ಅಂದ್ಕೊಂಡೆ. ತಪ್ಪಾಯ್ತು ಅಕ್ಕ."

ತಪ್ಪಾಯ್ತು ಎನ್ನುವುದು ಇವಳಿಗೆ ಎಷ್ಟು ಸಲೀಸು! ಮಾಸಿಗೆ ಅದಕ್ಕೂ ಹೊಟ್ಟೆ ಉರಿಯಿತು.

ಜಗಲಿಯಿಂದ ಅತ್ತೆ ಕೂಗಿದಳು. "ಬಾ ಇಲ್ಲಿ." ಹತ್ತಿರ ಹೋದರೆ ಮುದುಕಿ ಅವಳ ಕೆನ್ನೆ ಸವರಿ ಸುತ್ತಲಿನವರಿಗೆಲ್ಲ ಕೇಳುವಂತೆ ಹೇಳಿದಳು: "ಹಿರಿಸೊಸೆ ಅಂದ್ರೆ ಹಿಂಗಿರ್ಬೇಕು. ನನ್ನ ತೌರಿನ ಗಿಡ ಹೋದ್ರೂ ಪರವಾಗಿಲ್ಲ ಅಂತ ತಂಗೀನ ಕಾಪಾಡಿದಳು."

ಮೂವತ್ತು ವರ್ಷ ಕಾದ ಮಾತು. ನಾಲಗೆ ತುದಿಗೆ ಬಂದಿದ್ದ "ಕಳ್ಳಿ"ಯನ್ನು ಮಾಸಿ ನುಂಗಿಕೊಂಡಳು. ಲಿಂಗಿ ಕೊಟ್ಟ ಕಾಫಿಯನ್ನು ತಲೆ ತಗ್ಗಿಸಿ ಕುಡಿದಳು. ರುಚಿ ಗೊತ್ತಾಗಲಿಲ್ಲ.

ಮರುವರ್ಷ ಕಾರ್ತಿಕದಲ್ಲಿ ಬೆಳ್ಳಿ ಹಾರೆ ಹಿಡಿದು ತಗಡಿನ ಹತ್ತಿರ ನಿಂತ.

"ಈಗಲಾದ್ರೂ ಕಿತ್ತು ಹಾಕ್ಲಾ? ಇನ್ನೊಂದು ಚಳಿ ಕಳೆದ್ರೆ ನಿನ್ನ ಹಿತ್ತಿಲಲ್ಲಿ ಗರಿಕೆನೂ ಇರಲ್ಲ."

ಕೆಳಗಿನ ಜಗಲಿಯಲ್ಲಿ ಅತ್ತೆ ಯಾರೋ ನೆಂಟರಿಗೆ ಹಿರಿಸೊಸೆಯ ಕಥೆ ಹೇಳುತ್ತಿದ್ದಳು. ತಗಡಿನಾಚೆ ಬಿಳಿ ಜುಮಕಿ ಆಳೆತ್ತರ ಬೆಳೆದು ಹೂ ಬಿಟ್ಟು ತೂಗುತ್ತಿತ್ತು. ಮಾಸಿ ಅದನ್ನೇ ನುಂಗುವ ಹಾಗೆ ನೋಡಿದಳು.

"ಆ ತಗಡು ಮುಟ್ಟಿದ್ರೆ ಕೈ ಮುರೀತೀನಿ," ಎಂದು ಗಂಡನಿಗೆ ಹೇಳಿ, ಕುಡುಗೋಲು ಎತ್ತಿಕೊಂಡು ಜರಿಸೊಪ್ಪು ಕೊಯ್ಯಲು ಬೆಟ್ಟ ಹತ್ತಿದಳು.